ಕೆಂಪು ಕಿವಿರು

ಸತ್ತ ಮೀನನ್ನು ಕಂಡರೆ ನನಗೆ ಹೇಸಿಗೆಯಿಲ್ಲ. ಅದು ಸಾಮಾನು. ಐಸಿನಲ್ಲಿ ತಣ್ಣಗೆ ಬಿದ್ದಿರುತ್ತದೆ, ತಲೆ ಬೇಡ ಅಂದರೆ ತಲೆ ತೆಗೆಯುತ್ತೇನೆ, ಹೊಟ್ಟೆ ಸೀಳಿ ಅಂದರೆ ಸೀಳುತ್ತೇನೆ. ಬದುಕಿರುವ ಮೀನಿದೆಯಲ್ಲ, ಅದು ಹೇಸಿಗೆ. ಕಣ್ಣು ಮುಚ್ಚುವುದಿಲ್ಲ, ಬಾಯಿ ಮುಚ್ಚುವುದಿಲ್ಲ, ಮೈಯೆಲ್ಲ ಲೋಳೆ. ಹಿಂದೆ ಗೇಣುದ್ದ ಹೇಲಿನ ದಾರ ಎಳೆದುಕೊಂಡು, ಏನೂ ಆಗಿಲ್ಲವೆಂಬಂತೆ ಊಟಕ್ಕೆ ಬಾಯಿ ತೆರೆಯುತ್ತಾ ಬರುತ್ತದೆ. ಥೂ! ಅಂಥದ್ದನ್ನು ಗಾಜಿನ ತೊಟ್ಟಿಯಲ್ಲಿಟ್ಟು, ದೀಪ ಹಾಕಿ, ಮುಂದೆ ಕುರ್ಚಿ ಎಳೆದುಕೊಂಡು ನೋಡುವ ಜನರಿದ್ದಾರೆ ಎಂದು ಕೇಳಿದ್ದೆ. ಅಂಥ ತೊಟ್ಟಿ ನನ್ನ ಮನೆಗೇ ಬರುತ್ತದೆ, ಅದನ್ನು ನಾನೇ ಹೊತ್ತು ತರುತ್ತೇನೆ ಎಂದು ಯಾರಾದರೂ ಹೇಳಿದ್ದರೆ ಅವರ ಮುಖಕ್ಕೆ ಐಸಿನ ನೀರು ಎರಚುತ್ತಿದ್ದೆ.

ನಾನು ಮೀನು ಕೊಯ್ಯುವವಳು. ಮಾರುಕಟ್ಟೆಯ ಕೊನೆಯ ಸಾಲಿನಲ್ಲಿ, ಚರಂಡಿಯ ಪಕ್ಕದ ಕಟ್ಟೆ ನನ್ನದು. ನನಗಿಂತ ಮೊದಲು ಅಲ್ಲಿ ನನ್ನ ಅಮ್ಮ ಕೂರುತ್ತಿದ್ದಳು. ಕೆಲಸದ ಬಗ್ಗೆ ನನಗೆ ನಾಚಿಕೆಯಿಲ್ಲ, ವಾಸನೆಯ ಬಗ್ಗೆ ಮಾತ್ರ ಇದೆ. ಎಷ್ಟು ಉಜ್ಜಿದರೂ ಅದು ಉಗುರಿನ ಸಂದಿಯಲ್ಲಿ ಉಳಿಯುತ್ತದೆ, ಕೂದಲಿನಲ್ಲಿ ಉಳಿಯುತ್ತದೆ. ಸಂಜೆ ಬಸ್ಸು ಹತ್ತಿದರೆ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಜನ ಕಂಬಿ ಹಿಡಿದು ಜೋತಾಡುತ್ತಾರೆಯೇ ಹೊರತು ಅಲ್ಲಿ ಕೂರುವುದಿಲ್ಲ. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಆ ಸೀಟಿನ ಮೇಲೆ ನನ್ನ ಬುಟ್ಟಿ ಇಡುವುದನ್ನು ಕಲಿತೆ.

ಮದುವೆಯ ವಯಸ್ಸೆಲ್ಲ ಮುಗಿದ ಮೇಲೆ ಒಬ್ಬ ದರ್ಜಿಯನ್ನು ಮದುವೆಯಾದೆ. ಅವರ ಮೊದಲ ಹೆಂಡತಿ ತೀರಿಕೊಂಡಿದ್ದರು, ಒಂಬತ್ತು ವರ್ಷದ ಮಗಳಿದ್ದಳು. ಹೊಲಿಗೆ ಯಂತ್ರದ ಪಕ್ಕ ಕುಳಿತು ಅಪ್ಪನಿಗೆ ಅಂಗಿಯ ಗುಂಡಿ ಆರಿಸಿಕೊಡುತ್ತಿದ್ದುದರಿಂದ ಅವಳನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರು. ನಮ್ಮ ಮನೆಯವರು ಬಲು ಮೆತ್ತನೆಯ ಮನುಷ್ಯ. "ವಾಸನೆನಾ? ನನಗೆ ಬರೋದೇ ಇಲ್ವಲ್ಲೇ" ಎಂದು ಮದುವೆಯಾದ ದಿನದಿಂದ ಸುಳ್ಳು ಹೇಳಿಕೊಂಡು ಬಂದಿದ್ದಾರೆ. ಗುಂಡಿ ಸುಳ್ಳು ಹೇಳುವವಳಲ್ಲ. ನಾನು ಮನೆಯೊಳಗೆ ಕಾಲಿಟ್ಟ ಕೂಡಲೇ ಮೂಗು ಹಿಡಿದುಕೊಂಡು ಎದ್ದು ಕಿಟಕಿ ತೆರೆಯುತ್ತಾಳೆ. ನಾನು ಬಡಿಸಿದ ತಟ್ಟೆಯನ್ನು ಮೊದಲು ಮೂಸುತ್ತಾಳೆ. ನನ್ನೊಂದಿಗೆ ನೇರವಾಗಿ ಮಾತಿಲ್ಲ. ನಾನು ಎದುರಿಗೇ ನಿಂತಿದ್ದರೂ "ಅಪ್ಪಾ, ಅವರಿಗೆ ಹೇಳು, ನನ್ನ ಟವೆಲ್ ಮುಟ್ಟಬಾರದು ಅಂತ" ಎನ್ನುತ್ತಾಳೆ. ಅಮ್ಮನಂತೂ ಅಲ್ಲ, ಚಿಕ್ಕಮ್ಮನೂ ಅಲ್ಲ, ನಾನು ಬರೀ "ಅವರು".

ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೂ ಆ ಹುಡುಗಿ ನನಗೆ ಒಳಗೊಳಗೇ ಹಿಡಿಸಿಬಿಟ್ಟಿದ್ದಳು. ಬಸ್ಸಿನವರೆಲ್ಲ ತುಟಿ ಬಿಚ್ಚದೆ ಎದ್ದು ಹೋಗುತ್ತಿದ್ದರು. ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ನಾನೂ ಹೀಗೇ ಇದ್ದೆ, ಅದಕ್ಕೇ ಅಮ್ಮನ ಕೈಯಲ್ಲಿ ಒದೆ ತಿನ್ನುತ್ತಿದ್ದೆ.

ಶಾಲೆಗೆ ರಜೆ ಬಿಟ್ಟ ವಾರ ಅವಳ ದೊಡ್ಡಮ್ಮ ಬಂದರು, ಅಂದರೆ ತೀರಿಕೊಂಡವರ ಅಕ್ಕ. ಕುರ್ಚಿಯ ತುದಿಯಲ್ಲಿ ಕುಳಿತು, ಕರವಸ್ತ್ರವನ್ನು ಮೂಗಿನಿಂದ ಇಳಿಸದೆ, "ನೋಡಿ, ನಾನು ಯಾರನ್ನೂ ದೂರ್ತಾ ಇಲ್ಲ" ಎಂದು ಶುರುಮಾಡಿದರು. ಹೀಗೆ ಶುರುಮಾಡುವವರು ಎಲ್ಲಿಗೆ ಮುಗಿಸುತ್ತಾರೆ ಎಂದು ನನಗೆ ಗೊತ್ತು. "ಮಗು ಈ ನಾತದಲ್ಲಿ ಬೆಳೀಬೇಕಾ? ರಜೆ ಮುಗಿಯೋಕೆ ಮುಂಚೆ ಬರ್ತೀನಿ. ಇಲ್ಲೇ ಇರ್ತೀನಿ ಅಂದ್ರೆ ಇರಲಿ. ನಮ್ಮನೆಗೆ ಬರ್ತೀನಿ ಅಂದ್ರೆ ಕರ್ಕೊಂಡು ಹೋಗ್ತೀನಿ. ಅವಳ ಬಾಯಲ್ಲೇ ಬರಲಿ."

ನಮ್ಮ ಮನೆಯವರು ತಲೆ ತಗ್ಗಿಸಿ ಒಂದು ದಾರದ ತುಂಡನ್ನು ಬೆರಳಿಗೆ ಸುತ್ತುತ್ತಾ "ಅವಳಿಷ್ಟ" ಎಂದರು. ಆಮೇಲೆ ಊಟ ಬಿಟ್ಟು ಮಲಗಿದರು. ಒಂದು ಮಗು ನನ್ನ ವಾಸನೆಗೆ ಹೆದರಿ ಹುಟ್ಟಿದ ಮನೆ ಬಿಟ್ಟು ಹೋಯಿತು ಅಂದರೆ ನಾನು ಆಮೇಲೆ ಯಾವ ಮುಖ ಹೊತ್ತು ತಿರುಗಲಿ? ನನಗೆ ಅವಳು ಬೇಕಿತ್ತು. ಇಲ್ಲೇ, ಇದೇ ಮನೆಯಲ್ಲಿ, ಕಿಟಕಿ ತೆರೆಯಲಿ ಬೇಕಾದರೆ, ಆದರೆ ಇರಬೇಕಿತ್ತು.

ಮರುದಿನ ಅಪ್ಪ ಮಗಳನ್ನು ಮುದ್ದು ಮಾಡಿ ಕೇಳಿದರು: "ನಿನಗೇನು ಬೇಕು ಹೇಳು ಪುಟ್ಟಾ, ಏನಾದ್ರೂ ಸರಿ."

"ಮೀನು" ಎಂದಳು. ನನ್ನ ಕಡೆ ತಿರುಗಿ ಒತ್ತಿ ಹೇಳಿದಳು, "ಬದುಕಿರೋದು."

ನಮ್ಮ ಮನೆಯವರ ಮುಖ ಅರಳಿತು. "ಅಷ್ಟೇನಾ! ಮೀನಿನ ವಿಷಯ ಅಂದ್ಮೇಲೆ ನಮ್ಮನೇಲೇ ಪಂಡಿತರು ಇದ್ದಾರಲ್ಲ. ಏನೇ, ನೀನೇ ಆರಿಸಿ ಕೊಡು."

ಹೂಂ ಅಂದೆ.

ನಾವು ಮೂವರೂ ಹೋದ ಸಾಕುಮೀನಿನ ಅಂಗಡಿ ಒಂದು ಓಣಿಯ ಕೊನೆಯಲ್ಲಿತ್ತು. ಒಳಗೆ ಕತ್ತಲು, ತೊಟ್ಟಿಗಳ ದೀಪ ಮಾತ್ರ, ಒಣಗದ ಸಾಕ್ಸಿನ ವಾಸನೆ. ಅಂಗಡಿಯವನು ಒಂದು ಉದ್ದನೆಯ ಪೈಪಿಗೆ ಬಾಯಿ ಹಾಕಿ ತೊಟ್ಟಿಯ ನೀರನ್ನು ಎಳೆಯುತ್ತಿದ್ದ. ನಮ್ಮನ್ನು ಕಂಡು ಪೈಪನ್ನು ಬಕೆಟ್ಟಿಗೆ ಬಿಟ್ಟು, ಬಾಯಿಗೆ ಬಂದ ನೀರನ್ನು ಪಕ್ಕಕ್ಕೆ ಉಗಿದು, ತೋಳಿನಿಂದ ತುಟಿ ಒರೆಸಿಕೊಂಡು "ಬನ್ನಿ" ಎಂದ. ಅವನ ಅಂಗಿಯ ತೋಳು ಮೊಣಕೈಯವರೆಗೂ ಒದ್ದೆ. ಛೀ, ಮೀನು ಉಚ್ಚೆ ಹೊಯ್ದ ನೀರು! ಅವನ ಕಡೆ ನೋಡುವುದಕ್ಕೂ ನನಗೆ ವಾಕರಿಕೆ ಬಂತು.

"ಮೊದಲ ಸಲಾನಾ ಮೀನು ಸಾಕೋದು?" ಎಂದು ಕೇಳಿದ.

"ನನ್ನನ್ನ ಕೇಳ್ತಾ ಇದ್ದೀಯಾ? ಮೀನಿನ ಮರಿಗೆ ಈಜು ಕಲಿಸ್ತೀಯೇನಪ್ಪಾ?" ಎಂದೆ.

ಒದ್ದೆ ತೋಳಿನವನು ನಗಲಿಲ್ಲ. "ಹಾಗಾದ್ರೆ ನಿಮಗೆ ಗೊತ್ತಿರುತ್ತೆ. ಇವತ್ತು ತೊಟ್ಟಿ ಮಾತ್ರ ತಗೊಂಡು ಹೋಗಿ. ನೀರು ತುಂಬಿ, ಪಂಪು ಹಾಕಿ ಬಿಡಿ. ಮೀನಿಗೆ ಒಂದು ತಿಂಗಳು ಬಿಟ್ಟು ಬನ್ನಿ. ನೀರು ಹಣ್ಣಾಗಬೇಕು."

"ನೀರು ಹಣ್ಣಾಗೋಕೆ ಅದೇನು ಬಾಳೆಗೊನೆಯಾ?"

ಪಕ್ಕದಲ್ಲಿ ಕಿಸಕ್ಕೆಂದಿತು. ತಿರುಗಿ ನೋಡಿದರೆ ಗುಂಡಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ನನ್ನ ಮಾತಿಗೆ ಅವಳು ನಕ್ಕದ್ದು ಅದೇ ಮೊದಲು. ಅಲ್ಲಿಗೆ ಮುಗಿಯಿತು, ನನ್ನ ತಲೆ ತಿರುಗಿತು. ಅವಳು ಇನ್ನೊಂದು ಸಲ ನಗುವುದಾದರೆ ಆ ಅಂಗಡಿಯನ್ನೇ ತಲೆಕೆಳಗು ಮಾಡಲು ಸಿದ್ಧಳಾಗಿದ್ದೆ. ಅಲ್ಲದೆ ಒಂದು ತಿಂಗಳು ಕಾಯುತ್ತಾ ಕೂತರೆ ಅಷ್ಟರಲ್ಲಿ ದೊಡ್ಡಮ್ಮ ಬಂದು ಹೋಗಿರುತ್ತಿದ್ದರು.

"ತೋರಿಸು ನಿನ್ನ ಮೀನು" ಎಂದು ತೋಳು ಮಡಚಿ, ಗೋಲ್ಡ್ ಫಿಶ್ ಇದ್ದ ತೊಟ್ಟಿಗೆ ಕೈ ಹಾಕಿಯೇಬಿಟ್ಟೆ. ಒಂದು ದಪ್ಪನೆಯದನ್ನು ಹಿಡಿದೆತ್ತಿ, ಹೆಬ್ಬೆರಳಿನಿಂದ ಅದರ ಕಿವಿರು ಬಿಡಿಸಿ ನೋಡಿದೆ. ನಮ್ಮ ಕಸುಬಿನಲ್ಲಿ ಇದೇ ಮೊದಲ ಪಾಠ. ಕಿವಿರು ಕೆಂಪಗಿದ್ದರೆ ಮಾಲು ಒಳ್ಳೆಯದು, ಕಂದಿದ್ದರೆ ಹಳತು, ಬೂದಿ ಬಣ್ಣಕ್ಕಿದ್ದರೆ ನಾಯಿಗೂ ಬೇಡ. ಅಮ್ಮ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಇದನ್ನೇ. ಆಮೇಲೆ ಬೆನ್ನು ಒತ್ತಿ ಗಟ್ಟಿ ನೋಡಿದೆ. ಮೂಸಿ ನೋಡಲು ಮೂಗಿನ ಹತ್ತಿರ ತಂದೆ.

"ಏಯ್! ಬಿಡಿ! ಬಿಡೀ ಅದನ್ನ, ಉಸಿರು ಕಟ್ಟುತ್ತೆ!" ಒದ್ದೆ ತೋಳಿನವನು ಕಿರುಚಿದ. ಮೀನು ನನ್ನ ಕೈಯಲ್ಲಿ ಒದ್ದಾಡಿ, ಬಾಲದಿಂದ ನನ್ನ ಕೆನ್ನೆಗೆ ಹೊಡೆದು ನೀರಿಗೆ ಬಿತ್ತು. ಗುಂಡಿ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡುತ್ತಿದ್ದಳು. ನನಗೆ ಕೆನ್ನೆಯ ಮೇಲಿನ ಲೋಳೆಯನ್ನು ಎಷ್ಟು ಒರೆಸಿಕೊಂಡರೂ ಸಾಲದಾಯಿತು.

ಹಾಗೆ ನಾಲ್ಕನ್ನು ಆರಿಸಿದೆ. ನಾಲ್ಕೂ ದಪ್ಪ, ನಾಲ್ಕೂ ಗಟ್ಟಿ. ಗುಂಡಿ ಮಾತ್ರ ಮೂಲೆಯ ಒಂದನ್ನು ಬೆರಳು ಮಾಡಿ ತೋರಿಸಿದಳು. ಬಡಕಲು, ಬಿಳಿಚಿಕೊಂಡದ್ದು, ಬಾಲ ಹರಿದದ್ದು. ಶಾಯಿ ಕುಡಿದ ಹಾಗೆ ಬಾಯಿಯ ಸುತ್ತ ಕಪ್ಪು.

"ಅದರಲ್ಲಿ ಮಾಂಸಾನೇ ಇಲ್ಲ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ನಾಲಿಗೆ ಕಚ್ಚಿಕೊಂಡೆ.

"ಅಪ್ಪಾ, ಅವರಿಗೆ ಹೇಳು, ನಂಗೆ ಅದೇ ಬೇಕು ಅಂತ."

ಅದನ್ನೂ, ಒಂದು ಸಣ್ಣ ತೊಟ್ಟಿಯನ್ನೂ ತೆಗೆದುಕೊಂಡೆವು. "ಈ ಅಳತೆ ತೊಟ್ಟಿಗೆ ಈ ಜಾತಿ ಒಂದೇ ಜಾಸ್ತಿ. ಐದು ಅಂದ್ರೆ ಕೊಂದ ಹಾಗೆ" ಎಂದು ಒದ್ದೆ ತೋಳಿನವನು ಗೊಣಗಿದ. ತಿಂಡಿ ಚಿಟಿಕೆಯಷ್ಟೇ ಹಾಕಿ ಎಂದ, ಪಂಪಿನೊಳಗೆ ನೀರು ಸೋಸುವ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ ಎಂದ. ಇನ್ನೂ ಏನೇನೋ ಹೇಳಿದ. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಮೂವತ್ತು ವರ್ಷ ಮೀನಿನ ಜೊತೆ ಬಾಳಿದವಳಿಗೆ ಇವನೇನು ಹೇಳುವುದು?

ಹೊಲಿಗೆ ಯಂತ್ರಕ್ಕೂ ಕಿಟಕಿಗೂ ನಡುವೆ ಬೆಂಚು ಹಾಕಿ, ಅದರೆದುರಿಗೆ ತೊಟ್ಟಿ ಇಟ್ಟೆವು. ಮೊದಲ ಕೆಲವು ದಿನ ಎಲ್ಲ ಚೆನ್ನಾಗಿತ್ತು, ನನ್ನ ಹೊಟ್ಟೆಯೊಂದನ್ನು ಬಿಟ್ಟು. ನಾನು ಊಟಕ್ಕೆ ಕುಳಿತ ಹೊತ್ತಿಗೇ ಆ ದಪ್ಪನೆಯವು ಗಾಜಿಗೆ ಮುಖ ಹಚ್ಚಿ ನನ್ನ ತುತ್ತನ್ನೇ ನೋಡುತ್ತಾ ಹಿಂದೆ ದಾರ ಬಿಡುತ್ತಿದ್ದವು. ಒಂದು ಬಿಟ್ಟದ್ದನ್ನು ಇನ್ನೊಂದು ಬಾಯಿಗೆ ಹಾಕಿಕೊಂಡು ಉಗಿಯುತ್ತಿತ್ತು. ಪಂಪಿನ ಸ್ಪಂಜಿಗೆ ದಿನಾ ಕಂದು ಲೋಳೆ ಹತ್ತುತ್ತಿತ್ತು. ನನ್ನ ಮನೆಯಲ್ಲಿ ಅಂಥ ಗಲೀಜೇ? ದಿನಾ ಬೆಳಿಗ್ಗೆ ಅದನ್ನು ಬಿಸಿ ನೀರಿನಲ್ಲಿ ಬಿಳಿಯಾಗುವವರೆಗೂ ಉಜ್ಜಿ ಹಿಂಡುತ್ತಿದ್ದೆ. ನೀರಂತೂ ಕನ್ನಡಿ. "ನೋಡಿ, ಎಷ್ಟು ಚೊಕ್ಕ" ಎಂದು ನಮ್ಮ ಮನೆಯವರಿಗೆ ಕೊಚ್ಚಿಕೊಳ್ಳುತ್ತಿದ್ದೆ. ತಿಂಡಿಯನ್ನು ಮುಷ್ಟಿ ಮುಷ್ಟಿ ಹಾಕುತ್ತಿದ್ದೆ. ದಪ್ಪ ಮೀನು ತೆಳ್ಳಗಾಗಬಾರದಲ್ಲ.

ಒಂದು ಮಧ್ಯಾಹ್ನ ನಮ್ಮ ಮನೆಯವರು ಬಟ್ಟೆ ಕೊಡಲು ಹೊರಗೆ ಹೋಗಿದ್ದಾಗ ಗುಂಡಿ ಗಾಜಿನ ಮೇಲೆ ಬೆರಳಾಡಿಸುತ್ತಾ ಕುಳಿತಿದ್ದಳು. ಆ ಕಪ್ಪು ಬಾಯಿಯ ಬಡಕಲು ಅವಳ ಬೆರಳಿನ ಹಿಂದೆ ಹಿಂದೆ ಓಡುತ್ತಿತ್ತು.

"ನೋಡಿ, ನೋಡಿ, ಇದು ನನ್ನ ಹಿಂದೇನೇ ಬರ್ತಾ ಇದೆ!" ಎಂದಳು.

ಮನೆಯಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. "ಅಪ್ಪಾ" ಇಲ್ಲ, "ಅವರಿಗೆ ಹೇಳು" ಇಲ್ಲ, ನನಗೇ ಹೇಳಿದ್ದು. "ಹೂಂ, ಬುದ್ಧಿ ಇದೆ ಅದಕ್ಕೆ" ಎಂದೆ. ದೊಡ್ಡಮ್ಮ ಬೇಕಾದರೆ ನಾಳೆಯೇ ಬರಲಿ ಎಂದುಕೊಂಡೆ.

ಅಷ್ಟು ಸಂತೋಷಪಟ್ಟದ್ದೇ ತಪ್ಪಾಯಿತೇನೋ. ಎರಡು ದಿನ ಕಳೆಯುವಷ್ಟರಲ್ಲಿ ಐದೂ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು.

"ಏನಾಗಿದೆ ಇದಕ್ಕೆ?" ಗುಂಡಿಯ ಮುಖ ಚಿಕ್ಕದಾಗಿತ್ತು.

ಒಂದನ್ನು ಹಿಡಿದು ಕಿವಿರು ಬಿಡಿಸಿದೆ. ಒಳಗೆ ಕಡುಗೆಂಪು. ಕಟ್ಟೆಯ ಮೇಲೆ ಅಂಥ ಕಿವಿರು ಕಂಡರೆ ಗಿರಾಕಿಯನ್ನು ಕೂಗಿ ಕರೆದು ತೋರಿಸುತ್ತೇವೆ. "ನೋಡಿಲ್ಲಿ, ಎಷ್ಟು ಕೆಂಪಗಿದೆ! ತಂದ ದಿನಕ್ಕಿಂತ ಜಾಸ್ತಿ ಕೆಂಪು. ಇದಕ್ಕೆ ಏನೂ ಆಗಿಲ್ಲ, ಸೆಕೆ ಅಷ್ಟೇ" ಎಂದೆ.

"ನಿಜವಾಗ್ಲೂ?"

"ನನಗೆ ಗೊತ್ತಿಲ್ದೆ ಇರುತ್ತಾ?"

ಮೀನು ಅಂದಮೇಲೆ ಐಸು. ಕಟ್ಟೆಯಿಂದ ಒಂದು ಚೀಲ ತಂದು ತೊಟ್ಟಿಗೆ ಸುರಿದೆ. ಸ್ವಲ್ಪ ಹೊತ್ತು ಅವು ಚುರುಕಾದವು, ನಾನು ಬೀಗಿದೆ. ಬೆಳಿಗ್ಗೆ ನೋಡಿದರೆ ಎಲ್ಲಕ್ಕಿಂತ ದಪ್ಪನೆಯದು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು.

ಆಗ ನಾನು ಮಾಡಿದ್ದನ್ನು ಮೀನು ಕೊಯ್ಯುವವಳಲ್ಲದೆ ಬೇರೆ ಯಾರೂ ಮಾಡುವುದಿಲ್ಲ. ಏಕೆ ಸತ್ತಿತು ಎಂದು ತಿಳಿಯಬೇಕಲ್ಲ? ನನ್ನ ಕತ್ತಿಯನ್ನು ಮನೆಗೆ ತರುವುದಿಲ್ಲ ಎಂದು ಮದುವೆಯ ದಿನವೇ ಮಾತು ಕೊಟ್ಟಿದ್ದೆ. ಅದಕ್ಕೆ ತರಕಾರಿ ಹೆಚ್ಚುವ ಚಾಕು ತೆಗೆದುಕೊಂಡೆ. ಅಡುಗೆಮನೆಯ ಮಣೆಯ ಮೇಲಿಟ್ಟು ಹೊಟ್ಟೆ ಸೀಳಿದೆ. ಒಳಗೆ ಎಲ್ಲ ಸರಿಯಾಗಿಯೇ ಇತ್ತು. ಕರುಳು ಸರಿ, ಮಾಂಸ ಸರಿ, ಕಿವಿರಂತೂ ಬೆಂಕಿ ಕೆಂಪು. ಹಿಂದೆ ಏನೋ ಸದ್ದಾಯಿತು. ಗುಂಡಿ ಬಾಗಿಲಲ್ಲಿ ನಿಂತಿದ್ದಳು.

ಅವಳು ಕಿರುಚಲಿಲ್ಲ. ಮಣೆ ನೋಡಿದಳು, ಚಾಕು ನೋಡಿದಳು, ನನ್ನ ಕೈ ನೋಡಿದಳು.

"ತಿನ್ನೋಕಲ್ಲ ಮಗಾ, ಏನಾಗಿದೆ ಅಂತ ನೋಡೋಕೆ..." ಎಂದೆ.

ಅವಳು ಅಪ್ಪನ ಹತ್ತಿರ ಹೋಗಿ ಹೇಳಿದ್ದು ನನಗೆ ಅಡುಗೆಮನೆಗೇ ಕೇಳಿಸಿತು. "ಅಪ್ಪಾ, ಅವರು ಅದನ್ನ ಕೊಯ್ದುಬಿಟ್ಟರು." ಮತ್ತೆ "ಅವರು". ಆಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ನಮ್ಮ ಮನೆಯವರು ಆ ಚಾಕುವನ್ನು ಕಸಕ್ಕೆ ಹಾಕಿ ಹೊಸದು ತಂದರು. ಆದರೂ ಹೆಚ್ಚಿದ ತರಕಾರಿಯನ್ನು ಅವಳು ಬಾಯಿಗೆ ಹಾಕಲಿಲ್ಲ, ಬರೀ ಅನ್ನ ತಿಂದಳು.

ಮುಂದಿನ ದಿನಗಳಲ್ಲಿ ಇನ್ನೂ ಮೂರು ಹೋದವು. ಎಲ್ಲ ನಾನು ಆರಿಸಿದ್ದೇ. ಉಳಿದದ್ದು ಬಡಕಲು ಒಂದೇ, ಅದೂ ಓರೆಯಾಗಿ ತೇಲುತ್ತಾ ಗಾಳಿ ನುಂಗುತ್ತಿತ್ತು. ದೊಡ್ಡಮ್ಮ ಬರುತ್ತೇನೆ ಎಂದಿದ್ದ ದಿನದ ಬೆಳಿಗ್ಗೆ ಗುಂಡಿ ಯಾರ ಸಹಾಯವೂ ಇಲ್ಲದೆ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. ನಮ್ಮ ಮನೆಯವರು ಯಂತ್ರದ ಮುಂದೆ ಕುಳಿತು ಏನೂ ಹೊಲಿಯದೆ ಪೆಡಲು ತುಳಿಯುತ್ತಿದ್ದರು. ನನಗೆ ನೋಡಲಾಗಲಿಲ್ಲ. ಕೊನೆಗೆ ಸತ್ತದ್ದನ್ನು ಒದ್ದೆ ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಓಡಿದೆ.

"ರೋಗದ ಮೀನು ಕೊಟ್ಟು ನನ್ನ ಮನೆ ಹಾಳು ಮಾಡಿದೆಯಲ್ಲೋ!" ಎಂದು ಕಾಗದವನ್ನು ಅವನ ಮೇಜಿನ ಮೇಲೆ ಕುಕ್ಕಿದೆ. "ನೋಡು, ಕಿವಿರು ನೋಡು! ಇಷ್ಟು ಕೆಂಪಗಿರೋ ಮೀನು ಯಾಕೆ ಸಾಯುತ್ತೆ? ಹೇಳು!"

ಒದ್ದೆ ತೋಳಿನವನು ಬಗ್ಗಿ ನೋಡಿದ. "ಯಾವಾಗಿಂದ ಇಷ್ಟು ಕೆಂಪು?"

"ದಿನ ದಿನಕ್ಕೂ ಜಾಸ್ತಿ ಆಯ್ತು. ನಾನು ಚೆನ್ನಾಗಿದೆ ಅಂದುಕೊಂಡೆ."

"ಅಕ್ಕಾ, ಅದು ಸುಟ್ಟಿರೋದು" ಎಂದ. "ಅವುಗಳ ಉಚ್ಚೆ, ಹೇಲು, ಕೊಳೆತ ತಿಂಡಿ, ಎಲ್ಲ ಸೇರಿ ನೀರಲ್ಲಿ ವಿಷ ಆಗುತ್ತೆ. ಕಣ್ಣಿಗೆ ಕಾಣಲ್ಲ, ನೀರು ಚೊಕ್ಕವಾಗೇ ಇರುತ್ತೆ. ಉಸಿರಾಡೋ ಜಾಗ ಉರಿದು ಕೆಂಪಾಗುತ್ತೆ. ಸತ್ತ ಮೀನಿಗೆ ಕೆಂಪು ಒಳ್ಳೇದೇ. ಬದುಕಿರೋದಕ್ಕೆ ಇಷ್ಟು ಕೆಂಪು ಒಳ್ಳೇದಲ್ಲ."

ಉರಿಯುತ್ತಿದ್ದವನ್ನು ಹಿಡಿದು, ಹೆಬ್ಬೆರಳು ಹಾಕಿ ಬಿಡಿಸಿ, ಮಗುವಿಗೆ ತೋರಿಸಿ ಹೊಗಳಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಆ ವಿಷಾನ ತಿನ್ನೋ ಸಣ್ಣ ಜೀವಿಗಳು ಸ್ಪಂಜಿನ ಲೋಳೆಯಲ್ಲಿ ಇರುತ್ತವೆ. ತೊಳೆಯಬೇಡಿ ಅಂದಿದ್ದೆ."

"ದಿನಾ ತೊಳೆದೆ" ಎಂದೆ. "ಬಿಸಿ ನೀರಲ್ಲಿ."

ಅವನು ಒಳಗೆ ಹೋಗಿ, ಹಳೆಯ ತೊಟ್ಟಿಯೊಂದರಿಂದ ಒಂದು ಸ್ಪಂಜು ಕಿತ್ತು, ನೀರಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತಂದುಕೊಟ್ಟ. ಅಯ್ಯೋ, ಆ ಸ್ಪಂಜು! ಕಪ್ಪು ಕಂದು ಬಣ್ಣ, ಮೇಲೆಲ್ಲ ಸಿಂಬಳದಂಥ ಪದರ. "ಅರ್ಧ ನೀರು ಎಳೆದು ತೆಗೀರಿ, ರಾತ್ರಿಯೆಲ್ಲ ಬಕೆಟ್ಟಲ್ಲಿ ಇಟ್ಟಿದ್ದ ನೀರು ಹಾಕಿ. ಇದನ್ನ ಒಳಗೇ ಹಿಂಡಿ, ನಿಮ್ಮ ಸ್ಪಂಜಿನ ಪಕ್ಕದಲ್ಲೇ ಬಿಡಿ. ದಿನಾ ಅರ್ಧ ನೀರು ಬದಲಾಯಿಸಿ. ತಿಂಡಿ ಹಾಕಬೇಡಿ. ಉಳಿದ್ರೆ ಉಳೀತು."

ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಅವತ್ತು ನನ್ನ ಪಕ್ಕದ ಸೀಟು ಮಾತ್ರವಲ್ಲ, ಹಿಂದಿನದೂ ಮುಂದಿನದೂ ಖಾಲಿಯಾಯಿತು.

ಮನೆಯ ಮುಂದೆ ಟ್ಯಾಕ್ಸಿ ನಿಂತಿತ್ತು. ಒಳಗೆ ದೊಡ್ಡಮ್ಮ ಅದೇ ಕುರ್ಚಿಯ ತುದಿಯಲ್ಲಿ, ಮೂಗಿಗೆ ಅದೇ ಕರವಸ್ತ್ರ. ಗುಂಡಿ ಬ್ಯಾಗು ಹೆಗಲಿಗೆ ಹಾಕಿಕೊಂಡು ತೊಟ್ಟಿಯ ಮುಂದೆ ನಿಂತಿದ್ದಳು. ನಾನು ದೊಡ್ಡಮ್ಮನಿಗೆ ನಮಸ್ಕಾರವನ್ನೂ ಮಾಡಲಿಲ್ಲ.

"ಇದಿನ್ನೂ ಉಸಿರಾಡ್ತಿದೆಯಾ?" ಎಂದು ಗುಂಡಿಯನ್ನು ಕೇಳಿದೆ.

ತಲೆಯಾಡಿಸಿದಳು.

"ನಾನು ಹೇಳಿದ್ದೆಲ್ಲ ತಪ್ಪು ಕಣೇ. ಕೆಂಪಗಿದ್ರೆ ಒಳ್ಳೇದು ಅಂದೆ. ಅದು ಸುಟ್ಟು ಕೆಂಪಾಗಿತ್ತು. ನನಗೆ ಸತ್ತ ಮೀನಷ್ಟೇ ಗೊತ್ತಿರೋದು."

ನಾನು ಸೆರಗು ಸಿಕ್ಕಿಸಿ, ನಲ್ಲಿಯ ಪೈಪು ಕಿತ್ತು ತಂದು ತೊಟ್ಟಿಗೆ ಬಿಟ್ಟು, ಇನ್ನೊಂದು ತುದಿಗೆ ಬಾಯಿ ಹಾಕಿ ಎಳೆದೆ. ಮೊದಲು ಬರೀ ಗಾಳಿ ಬಂತು. ಜೋರಾಗಿ ಎಳೆದೆ, ಬಾಯಿ ತುಂಬ ಬಂತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ನನಗೆ ಬಾಯಿಯೂ ಕೆಸರೇ ಆಯಿತು. ಉಗಿದೆ, ಕೆಮ್ಮಿದೆ, ಮತ್ತೆ ಉಗಿದೆ. "ಅಸಹ್ಯ!" ಎಂದು ಕರವಸ್ತ್ರದ ಹಿಂದಿನಿಂದ ದೊಡ್ಡಮ್ಮನ ದನಿ ಬಂತು. ನಾನೂ ಅದೇ ಹೇಳುತ್ತಿದ್ದೆ, ಬಾಯಿ ಖಾಲಿ ಇದ್ದಿದ್ದರೆ.

ಹಾಗೂ ಹೀಗೂ ಅರ್ಧ ನೀರು ಹೊರಗೆ ಹೋಯಿತು. ಬಚ್ಚಲಿನ ಬಕೆಟ್ಟಿನಲ್ಲಿ ಹಿಂದಿನ ದಿನದ ನೀರಿತ್ತು, ಅದನ್ನು ಸುರಿದೆ. ಇನ್ನು ಸ್ಪಂಜು. ಚೀಲ ಬಿಚ್ಚಿದ ಕೂಡಲೇ ಆ ನಾತ ಮನೆಯೆಲ್ಲ ತುಂಬಿತು.

"ಏನದು?" ಗುಂಡಿ ಮೂಗು ಹಿಡಿದುಕೊಂಡೇ ಹತ್ತಿರ ಬಂದಳು.

"ಬೇರೆ ಮೀನುಗಳ ಹೇಲಲ್ಲಿ ಬೆಳೆದಿರೋ ಲೋಳೆ. ಇದನ್ನ ಒಳಗೆ ಹಿಂಡಿ, ಪಂಪಿನ ಪಕ್ಕ ಬಿಟ್ರೆ ಅದರ ಉರಿ ನಿಲ್ಲುತ್ತಂತೆ. ದಿನಾ ಅರ್ಧ ನೀರೂ ತೆಗೀಬೇಕಂತೆ."

ಕೈಗೆ ತೆಗೆದುಕೊಂಡೆ. ಉಗುರು ಬೆಚ್ಚಗೆ, ಮೆತ್ತಗೆ, ಒಳಗೆ ಏನೋ ಬದುಕಿದೆ ಎನ್ನಿಸುವ ಹಾಗಿತ್ತು. ಲೆಕ್ಕವಿಲ್ಲದಷ್ಟು ಮೀನುಗಳ ಕರುಳು ಬಗೆದ ಕೈ ನನ್ನದು. ಆ ಕೈಗೆ ಅದನ್ನು ಹಿಂಡಲು ಆಗಲಿಲ್ಲ. ಹೊಟ್ಟೆಯಿಂದ ಎದ್ದು ಬಂತು. ಸ್ಪಂಜನ್ನು ತೊಟ್ಟಿಯ ಅಂಚಿನ ಮೇಲೆ ಬಿಟ್ಟು ಬಚ್ಚಲಿಗೆ ಓಡಿದೆ. ಎಲ್ಲ ಕಕ್ಕಿ, ಗೋಡೆ ಹಿಡಿದು ನಿಂತು, ಮುಗಿಯಿತು, ನನ್ನ ಕೈಯಲ್ಲಿ ಇದೂ ಆಗಲಿಲ್ಲ ಎಂದುಕೊಂಡೆ.

ಹೊರಗೆ ಬಂದರೆ ಬ್ಯಾಗು ನೆಲದ ಮೇಲಿತ್ತು. ಗುಂಡಿ ಬೆಂಚಿನ ಮೇಲೆ ಮಂಡಿಯೂರಿ, ಎರಡೂ ಕೈಗಳನ್ನು ಮೊಣಕೈವರೆಗೆ ನೀರಿನಲ್ಲಿಟ್ಟು, ಆ ಸ್ಪಂಜನ್ನು ಹಿಂಡುತ್ತಿದ್ದಳು. ಕಣ್ಣು ಅರ್ಧ ಮುಚ್ಚಿ, ಮುಖ ಸಿಂಡರಿಸಿ, ಒಂದೊಂದು ಹಿಂಡಿಗೂ "ಛೀ, ಛೀ, ಛೀ" ಎನ್ನುತ್ತಿದ್ದಳು.

"ಏಯ್, ಬಿಡೇ ಅದನ್ನ! ನಿನಗೇನು ಬಂತು!" ದೊಡ್ಡಮ್ಮ ಎದ್ದು ನಿಂತಿದ್ದರು. ಹತ್ತಿರ ಮಾತ್ರ ಬರಲಿಲ್ಲ.

ಕನ್ನಡಿಯಂಥ ನೀರು ಚರಂಡಿಯಾಯಿತು. ಬಡಕಲು ಅದರೊಳಗೆ ಕಾಣದಾಯಿತು. ಗುಂಡಿ ಸ್ಪಂಜನ್ನು ಪಂಪಿನ ಪಕ್ಕಕ್ಕೆ ಸಿಕ್ಕಿಸಿ, ಬೆಂಚಿನಿಂದ ಇಳಿದು, ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ನಲ್ಲಿಗೆ ಹೋದಳು. ಸೋಪು ಹಾಕಿ ತೊಳೆದಳು, ಮೂಸಿದಳು. ಮತ್ತೆ ತೊಳೆದಳು, ಮೂಸಿದಳು. ಮೂರನೆಯ ಸಲ ಮೂಸಿ ನನ್ನ ಕಡೆ ತಿರುಗಿದಳು.

"ಇದು ಹೋಗೋಕೆ ನೀವು ಏನು ಹಚ್ಕೋತೀರಾ?"

"ನಿಂಬೆ ಸಿಪ್ಪೆ, ಉಪ್ಪು. ಆಮೇಲೆ ಕಾಫಿ ಪುಡಿ."

"ಹೋಗುತ್ತಾ?"

ಅವಳ ಅಪ್ಪ ಯಂತ್ರದ ಹಿಂದಿನಿಂದ ಹೂಂ ಎನ್ನು ಎಂದು ಕಣ್ಣಿನಲ್ಲೇ ಬೇಡುತ್ತಿದ್ದರು. ಸುಳ್ಳು ಹೇಳುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

"ಇಲ್ಲ" ಎಂದೆ. "ಪೂರ್ತಿ ಹೋಗಲ್ಲ."

ನಾನು ನಿಂಬೆ ಸಿಪ್ಪೆ ತಂದುಕೊಟ್ಟೆ. ಉಗುರಿನ ಸಂದಿಗೆ ಹೇಗೆ ಉಜ್ಜಬೇಕೆಂದು ನನ್ನ ಉಗುರಿನ ಮೇಲೆ ತೋರಿಸಿದೆ. ಅವಳು ಹಾಗೆಯೇ ಉಜ್ಜಿಕೊಂಡಳು.

"ಸಾಕು ಬಾ ಪುಟ್ಟಾ, ಟ್ಯಾಕ್ಸಿ ಕಾಯ್ತಾ ಇದೆ" ಎಂದರು ದೊಡ್ಡಮ್ಮ.

ಗುಂಡಿ ಬ್ಯಾಗನ್ನು ಎತ್ತಿಕೊಂಡು ಅವರ ಎದುರಿಗೆ ಹೋಗಿ ಕೈ ಚಾಚಿದಳು. "ಕೈ ಹಿಡ್ಕೊಳ್ಳಿ ದೊಡ್ಡಮ್ಮ."

ದೊಡ್ಡಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಬೇಕೆಂದು ಸರಿದದ್ದಲ್ಲ, ಪಾಪ, ಕಾಲು ತಾನಾಗಿ ಹೋಯಿತು. ಬಸ್ಸಿನಲ್ಲಿ ನಾನು ಅಂಥ ಹೆಜ್ಜೆಗಳನ್ನು ಎಷ್ಟು ನೋಡಿಲ್ಲ! "ಮನೆಗೆ ಹೋಗಿ ಚೆನ್ನಾಗಿ ತೊಳೆದುಕೊಂಡ ಮೇಲೆ ಹಿಡ್ಕೋತೀನಿ" ಎಂದರು.

ಗುಂಡಿಯ ಕೈ ಹಾಗೇ ಚಾಚಿಕೊಂಡಿತ್ತು. ಅವಳು ಆ ಕೈಯನ್ನು ನೋಡಿದಳು, ದೊಡ್ಡಮ್ಮನ ಕಾಲನ್ನು ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು. ಕೈ ಇಳಿಸಿ, ಬ್ಯಾಗನ್ನು ಹೊಲಿಗೆ ಯಂತ್ರದ ಕೆಳಗೆ ತಳ್ಳಿದಳು.

"ನಾನು ಬರಲ್ಲ ದೊಡ್ಡಮ್ಮ. ದಿನಾ ಅರ್ಧ ನೀರು ತೆಗೀಬೇಕಂತೆ. ಇವರೊಬ್ಬರಿಗೇ ಆಗಲ್ಲ, ವಾಂತಿ ಮಾಡ್ಕೋತಾರೆ."

ದೊಡ್ಡಮ್ಮ ಇನ್ನೂ ಏನೇನೋ ಹೇಳಿದರು. ಕೊನೆಗೆ ಟ್ಯಾಕ್ಸಿ ಅವರೊಬ್ಬರನ್ನೇ ಕರೆದುಕೊಂಡು ಹೋಯಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ಕಣ್ಣಿಗೆ ಧೂಳು ಬಿತ್ತು ಎಂದು ಇನ್ನೊಂದು ಸುಳ್ಳು ಹೇಳಿದರು.

ಸಂಜೆಯ ಹೊತ್ತಿಗೆ ಕೆಸರು ತಳಕ್ಕೆ ಇಳಿಯತೊಡಗಿತು. ಗುಂಡಿ ಬೆಂಚಿನ ಮೇಲೆ ಕುಳಿತು ಗಾಜಿಗೆ ಬೆರಳು ಹಚ್ಚಿಕೊಂಡೇ ಇದ್ದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಕಪ್ಪು ಬಾಯಿ ಕಂಡಿತು, ಹರಿದ ಬಾಲ ಕಂಡಿತು. ಬಡಕಲು ನೆಟ್ಟಗೆ ಈಜುತ್ತಾ ಬೆರಳಿನ ಹತ್ತಿರ ಬಂತು. ಹಿಂದೆ ಉದ್ದನೆಯ ದಾರ ಎಳೆದುಕೊಂಡು ಬಂತು.

"ಥೂ, ಹೇಸಿಗೆ" ಎಂದೆ.

"ಹೂಂ, ಹೇಸಿಗೆ" ಎಂದಳು ಗುಂಡಿ. ಕಣ್ಣನ್ನು ತೊಟ್ಟಿಯಿಂದ ತೆಗೆಯದೆಯೇ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು, ನನಗೆ ಕೂರಲು ಜಾಗ ಬಿಟ್ಟಳು.